ಜೇಕಿನ ಬಲವೆಲ್ಲ ನೆಲದೊಳಗೆ

ಬೇಸಿಗೆಯಲ್ಲಿ ನೀರುಣಿಸಿ ಕಾಪಾಡಿದ ಗರಿಕೆಯ ಹುಲ್ಲುಹಾಸನ್ನು ಕತ್ತರಿಸಿ ಸಮಮಾಡಿದ ಕೆಲವೇ ದಿನಗಳಲ್ಲಿ, ಸುತ್ತಲಿನ ಹುಲ್ಲನ್ನು ಮೀರಿ ಅಲ್ಲಲ್ಲಿ ತಲೆಯೆತ್ತುವ ಹೊಳಪುಳ್ಳ ಕಡುಹಸಿರು ಸಸ್ಯವೇ ಜೇಕು. ತುಂಗೆ, ಕೊನ್ನಾರಿ ಎಂಬ ಹೆಸರುಗಳೂ ಇದಕ್ಕಿವೆ. ಸಸ್ಯವಿಜ್ಞಾನದಲ್ಲಿ ಸೈಪರಸ್ ರೋಟಂಡಸ್ ಎನಿಸಿಕೊಂಡಿರುವ ಇದು ನೋಟಕ್ಕೆ ಹುಲ್ಲಿನಂತಿದ್ದರೂ ಹುಲ್ಲಿನ ಕುಟುಂಬಕ್ಕೆ ಸೇರಿದುದಲ್ಲ. ಹೂ ಬಿಡುವ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚುಗಳು ಕೈಗೆ ತಗಲುತ್ತವೆ. ಎಲೆಗಳೂ ಬುಡದಿಂದ ಮೂರು ಸಾಲುಗಳಲ್ಲಿ ಹೊರಡುತ್ತವೆ. ಗರಿಕೆಯಲ್ಲಿ ಕಾಣುವ ಗಿಣ್ಣುಗಳು ಈ ದಂಟಿನಲ್ಲಿಲ್ಲ. ಹೂಗೊಂಚಲು ಕೆಂಗಂದು ಬಣ್ಣದ್ದು.

ಆದರೆ ಜೇಕಿನ ನಿಜವಾದ ಸಾಮರ್ಥ್ಯವಿರುವುದು ಮಣ್ಣಿನೊಳಗೆ. ಬೀಜದಿಂದ ಇದು ಹುಟ್ಟುವುದು ವಿರಳ. ತೆಳುವಾದ ಭೂಗತ ಕಾಂಡಗಳು ಅಡ್ಡಡ್ಡ ಹರಿದು, ಸರಪಳಿಯಂತೆ ಒಂದಕ್ಕೊಂದು ಹೊಂದಿಕೊಂಡ ಕಪ್ಪು ಗಡ್ಡೆಗಳನ್ನು ಬೆಳೆಸುತ್ತ ಹೋಗುತ್ತವೆ. ಈ ಸಾಲಿನ ತುದಿಯ ಗಡ್ಡೆ ಉಳಿದವುಗಳ ಮೊಗ್ಗುಗಳನ್ನು ಮೊಳೆಯಗೊಡದೆ ತಡೆಹಿಡಿದಿರುತ್ತದೆ. ಇದಕ್ಕೆ ತುದಿಪ್ರಾಬಲ್ಯವೆಂದು ಹೆಸರು. ಒಮ್ಮೆ ಕಿತ್ತು ಸುಮ್ಮನಾದಾಗ ಅಥವಾ ಗುದ್ದಲಿಯಿಂದ ಕಡಿದಾಗ ಈ ಸರಪಳಿ ತುಂಡಾಗಿ, ಮಲಗಿದ್ದ ಗಡ್ಡೆಗಳು ತಾವಾಗಿಯೇ ಚಿಗುರುವುದರಿಂದ, ಒಂದು ಗಿಡವಿದ್ದ ಜಾಗದಲ್ಲಿ ಹಲವು ಗಿಡಗಳೇಳುತ್ತವೆ. ಲೆರಾಯ್ ಹೋಮ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ, ಜಗತ್ತಿನ ಅತಿಕೆಟ್ಟ ಕಳೆಗಳನ್ನು ಕುರಿತ ಗ್ರಂಥದಲ್ಲಿ ಮೊದಲ ಸ್ಥಾನ ಇದಕ್ಕೇ ದೊರೆತುದು ಈ ಗುಣದಿಂದಲೇ. ಇದೇ ಗಡ್ಡೆ ಆಯುರ್ವೇದದಲ್ಲಿ ಮುಸ್ತಾ ಎನಿಸಿ ಜ್ವರ, ಅತಿಸಾರಗಳ ಔಷಧಗಳಲ್ಲಿ ಬಳಕೆಯಾಗುತ್ತ ಬಂದಿರುವುದನ್ನೂ ಮರೆಯುವಂತಿಲ್ಲ.

ಕಡಿದಷ್ಟೂ ಚಿಗುರುವ ಕಳೆಯಾದ್ದರಿಂದ ಕೀಳುವುದಾದರೆ ಬಿಡದೆ ಕೀಳಬೇಕು. ಚಿಗುರು ಮೇಲೆದ್ದ ಕೆಲವು ವಾರಗಳಲ್ಲೇ ಹೊಸ ಗಡ್ಡೆಗಳು ಕಟ್ಟತೊಡಗುವುದರಿಂದ, ಅದಕ್ಕೆ ಮೊದಲೇ, ಎರಡು ಮೂರು ವಾರಗಳಿಗೊಮ್ಮೆ ತೆಗೆಯುತ್ತಿದ್ದರೆ ಹಳೆಯ ಗಡ್ಡೆಯಲ್ಲಿ ಕೂಡಿಟ್ಟ ಆಹಾರ ಕರಗುತ್ತ ಬಂದು ಗಿಡ ಸೊರಗುತ್ತದೆ. ಜೇಕು ನೆರಳನ್ನು ಸಹಿಸದಾದ್ದರಿಂದ ಹುಲ್ಲನ್ನು ಅತಿಯಾಗಿ ತಗ್ಗಿಸಿ ಕತ್ತರಿಸದೆ ದಟ್ಟವಾಗಿ ಬೆಳೆಯಬಿಡುವುದೂ, ನೀರು ನಿಲ್ಲುವ ತಗ್ಗುಗಳನ್ನು ಸರಿಪಡಿಸುವುದೂ ಪ್ರಯೋಜನಕಾರಿ. ರಾಸಾಯನಿಕಗಳ ಪೈಕಿ ಗ್ಲೈಫೋಸೇಟ್ ಗರಿಕೆಯನ್ನೂ ಕೊಲ್ಲುತ್ತದೆ. ಕಬ್ಬಿನ ಬೆಳೆಯಲ್ಲಿ ಜೇಕಿಗೆಂದೇ ಬಳಸುವ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಹುಲ್ಲನ್ನು ಉಳಿಸಿ ಕಳೆಯ ಗಡ್ಡೆಯವರೆಗೂ ಇಳಿಯಬಲ್ಲದಾದರೂ, ಎಳೆಯ ಗಿಡಕ್ಕೆ, ತಜ್ಞರ ಸಲಹೆಯಂತೆ ಸಿಂಪಡಿಸಿದಾಗ ಮಾತ್ರ ಅದರ ಫಲ ಸಿಗುತ್ತದೆ.

ಹೊಸದಾಗಿ ಹುಲ್ಲು ಹಾಸುವವರಿಗೆ ಅವಕಾಶ ಇನ್ನೂ ಹೆಚ್ಚು. ಗಡ್ಡೆಗಳಲ್ಲಿ ಬಹುಪಾಲು ಮೇಲ್ಮಣ್ಣಿನ 15 ಸೆಂಟಿಮೀಟರ್ ಒಳಗೇ ಇರುವುದರಿಂದಲೂ, ಒಣಗಿದ ಗಡ್ಡೆ ಬದುಕದಿರುವುದರಿಂದಲೂ, ನಾಟಿಗೆ ಮುನ್ನ ನೆಲವನ್ನು ಅಗೆದು ತಿರುವಿ ಕಡುಬೇಸಿಗೆಯ ಬಿಸಿಲಿಗೆ ಒಡ್ಡಬೇಕು, ಹೊರಗಿನಿಂದ ತರಿಸುವ ಮಣ್ಣನ್ನೂ ಗೊಬ್ಬರವನ್ನೂ ಜರಡಿ ಹಿಡಿದೇ ಹರಡಬೇಕು.