ಸ್ಕ್ಯಾನರ್ ಬರೆದಿಟ್ಟ ಲೆಕ್ಕ ಯಾರದು?

2025ರ ಜುಲೈನಲ್ಲಿ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಹೊಸ ಬೋರ್ಡು ಬಿತ್ತು: ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’. ಒಂದು ಟೀಗೂ ಫೋನ್ ತೆಗೆಯುವುದು ರೂಢಿಯಾಗಿದ್ದ ಊರಿನಲ್ಲಿ ಜನ ಜೇಬು ತಡಕಾಡುವಂತಾಯಿತು. ಫೋನ್‌ಪೇ ಕಂಪನಿ ಹುಟ್ಟಿದ್ದು 2015ರ ಕೊನೆಯಲ್ಲಿ, ಇದೇ ಊರಿನಲ್ಲಿ. ಫೋನಿನಲ್ಲಿ ದುಡ್ಡು ತೆಗೆದುಕೊಳ್ಳುವುದನ್ನು ಬೇಗ ಮೈಗೂಡಿಸಿಕೊಂಡವರಲ್ಲಿ ಇಲ್ಲಿನ ಸಣ್ಣ ವ್ಯಾಪಾರಿಗಳೂ ಇದ್ದಾರೆ. ಅವರೇ ಸ್ಕ್ಯಾನರ್ ಕಿತ್ತು ಒಳಗಿಡುವಂತೆ ಮಾಡಿದ್ದು ಒಂದು ನೋಟಿಸು.

ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಸೇವೆ ಕೊಡುವ ಕಂಪನಿಗಳಿಂದ ಮಾಹಿತಿ ತರಿಸಿಕೊಂಡು, 2021–22ರಿಂದ ಒಬ್ಬೊಬ್ಬರ ಖಾತೆಗೆ ಬಂದ ಹಣವನ್ನು ವರ್ಷವಾರು ಕೂಡಿಸಿತ್ತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಮಿತಿ ದಾಟಿಯೂ ನೋಂದಣಿ ಮಾಡಿಸದವರೆಂದು ಕಂಡ ಸಾವಿರಾರು ಮಂದಿಗೆ ನೋಟಿಸು ಹೋಯಿತು. ಕೆಲವರಿಗೆ ಬಂದ ಬೇಡಿಕೆಯ ಮೊತ್ತ ಹತ್ತಾರು ಲಕ್ಷ. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆದರು. ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳೊಂದಿಗೆ ಕೂತು ಮಾತಾಡಿ, ಹಾಲು, ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ಸರಕು ಮಾರುವವರಿಂದ ತೆರಿಗೆ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಂಡವರನ್ನು ಹಳೆಯ ಬಾಕಿಗಾಗಿ ಒತ್ತಾಯಿಸುವುದಿಲ್ಲ ಎಂದು ಭರವಸೆ ಕೊಟ್ಟರು. ಬಂದ್ ನಿಂತಿತು.

ಪತ್ರಿಕೆಗಳಿಗೆ ಸುದ್ದಿ ಅಲ್ಲಿಗೆ ಮುಗಿಯಿತು. ನೋಟಿಸು ಸರಿಯೋ ತಪ್ಪೋ ಎಂಬ ಜಗಳದಲ್ಲಿ ಅದಕ್ಕಿಂತ ದೊಡ್ಡ ಸಂಗತಿಯೊಂದು ಮರೆಯಾಗಿ ಉಳಿಯಿತು. ಸಣ್ಣ ಅಂಗಡಿಯವರು ದಿನದ ಗಲ್ಲಾವನ್ನು ಆ ದಿನವೇ ಎಣಿಸಿ, ಹಾಲಿನವರಿಗೆ, ಮೈದಾ ಸಕ್ಕರೆಗೆ, ಬಾಡಿಗೆಗೆ, ಮಕ್ಕಳ ಫೀಸಿಗೆ ಹಂಚಿಬಿಡುತ್ತಾರೆ. ಉಳಿದದ್ದು ಸಂಸಾರಕ್ಕೆ. ಇಡೀ ವರ್ಷದ್ದನ್ನು ಒಟ್ಟು ಹಾಕಿ ನೋಡುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ನಾಲ್ಕು ವರ್ಷದ ವಹಿವಾಟನ್ನು ಒಂದೇ ಅಂಕಿಯಲ್ಲಿ ಅನೇಕರು ಮೊದಲು ಕಂಡದ್ದು ಸರ್ಕಾರದ ಕಾಗದದಲ್ಲಿ. ಸ್ಮಾರ್ಟ್‌ಫೋನು, ಇಂಟರ್ನೆಟ್ಟು ಸಮಾಜವನ್ನು ಬದಲಿಸಿವೆ ಎನ್ನುವಾಗ ನಾವು ಹೆಚ್ಚಾಗಿ ವೇಗದ, ಅನುಕೂಲದ ಮಾತಾಡುತ್ತೇವೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ: ಯಾವ ಖಾತೆ ಕಿರ್ದಿಗೂ ಸೇರದೆ ಬದುಕಿದ್ದ ಕೋಟ್ಯಂತರ ಜನರ ದುಡಿಮೆಗೆ ಈಗ ದಾಖಲೆ ಹುಟ್ಟಿದೆ, ಮತ್ತು ಆ ದಾಖಲೆ ಅವರ ಕೈಯಲ್ಲಿಲ್ಲ.

ಈ ದಾಖಲೆ ಹುಟ್ಟಿದ್ದು ಬಲು ಬೇಗ. 2016ರ ಏಪ್ರಿಲ್ 11ರಂದು ಅಂದಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಮುಂಬೈಯಲ್ಲಿ ಯುಪಿಐಗೆ ಚಾಲನೆ ಕೊಟ್ಟರು. ಅದನ್ನು ಕಟ್ಟಿದ್ದು ಎನ್‌ಪಿಸಿಐ ಎಂಬ ಪಾವತಿ ನಿಗಮ. ಸಲಹೆಗಾರರಾಗಿದ್ದವರು ಬೆಂಗಳೂರಿನ ನಂದನ್ ನಿಲೇಕಣಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ದರ ನೆಲಕ್ಕಿಳಿಯಿತು. ನವೆಂಬರ್ 8ರ ರಾತ್ರಿ 500, 1,000 ರೂಪಾಯಿ ನೋಟುಗಳು ರದ್ದಾದವು. ಆ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಯುಪಿಐ ಮೂಲಕ ನಡೆದದ್ದು ಸುಮಾರು 20 ಲಕ್ಷ ವಹಿವಾಟು. 2023ರ ಆಗಸ್ಟ್‌ನಲ್ಲಿ ತಿಂಗಳ ಲೆಕ್ಕ 1,000 ಕೋಟಿ ದಾಟಿತು, 2025ರ ಆಗಸ್ಟ್‌ನಲ್ಲಿ 2,000 ಕೋಟಿ.

ಯುಪಿಐ ಒಳಗಿನ ಹೊಸತನ ಯಾವುದು ಎಂದು ಕೇಳಿಕೊಳ್ಳಬೇಕು. ಅದಕ್ಕೂ ಮೊದಲೇ ವಾಲೆಟ್‌ಗಳಿದ್ದವು. ಒಂದು ಕಂಪನಿಯ ವಾಲೆಟ್ಟಿಗೆ ಹಾಕಿದ ಹಣ ಅದೇ ಕಂಪನಿಯವರ ನಡುವೆ ಓಡಾಡುತ್ತಿತ್ತು. ಯುಪಿಐ ಆ ಗೋಡೆ ಒಡೆಯಿತು. ಹಣ ನಿಮ್ಮ ಬ್ಯಾಂಕಿನಲ್ಲೇ ಇರುತ್ತದೆ, ಆ್ಯಪ್ ಯಾವ ಕಂಪನಿಯದಾದರೂ ಆಗಲಿ. ನೀವು ಸ್ಕ್ಯಾನ್ ಮಾಡಿ ಪಿನ್ ಒತ್ತಿದಾಗ ಆ ಸೂಚನೆ ಎನ್‌ಪಿಸಿಐ ಕೇಂದ್ರಕ್ಕೆ ಹೋಗಿ, ನಿಮ್ಮ ಬ್ಯಾಂಕು ಹಣ ಕಳೆದು, ಅಂಗಡಿಯವರ ಬ್ಯಾಂಕು ಹಣ ಕೂಡಿಸಿ, ಆಯಿತು ಎಂಬ ಉತ್ತರ ಎರಡೂ ಕಡೆಗೆ ಬರುತ್ತದೆ. ಕೆಲವೇ ಸೆಕೆಂಡುಗಳ ಕೆಲಸ. ಬ್ಯಾಂಕುಗಳೂ ಕಂಪನಿಗಳೂ ಒಂದೇ ದಾರಿಯಲ್ಲಿ ನಡೆಯಲೇಬೇಕೆಂದು ಕಡ್ಡಾಯ ಮಾಡಿದ್ದರಿಂದಲೇ ಒಂದು ಸ್ಕ್ಯಾನರಿಗೆ ಹತ್ತು ಆ್ಯಪುಗಳಿಂದ ದುಡ್ಡು ಬೀಳುತ್ತದೆ.

ಇನ್ನು ಕ್ಯೂಆರ್ ಕೋಡ್ ಎಂಬ ಆ ಕಪ್ಪು ಬಿಳುಪು ಚೌಕ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಎಂಜಿನಿಯರ್ ಮಸಾಹಿರೊ ಹಾರಾ ಅದನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ. ಕಂಪನಿ ಪೇಟೆಂಟ್ ಪಡೆದರೂ ಬಳಸುವವರಿಂದ ಹಣ ಕೇಳಲಿಲ್ಲ. ಕಾರ್ಡು ಉಜ್ಜುವ ಯಂತ್ರ ಸಾವಿರಾರು ರೂಪಾಯಿಯದು. ಈ ಚೌಕವಾದರೋ ಮುದ್ರಿಸಿದ ಒಂದು ಕಾಗದ. ಅದು ತಳ್ಳುಗಾಡಿಗೂ ಬಂತು, ಸಂತೆಯಲ್ಲಿ ಗೋಣಿತಾಟಿನ ಮೇಲೆ ಹರಡಿದ ಸೊಪ್ಪಿನ ಪಕ್ಕಕ್ಕೂ ಬಂತು.

ಕಾಗದ ಬಂದ ಮೇಲೆ ಮತ್ತೊಂದು ಕಷ್ಟ ಶುರುವಾಯಿತು. ದೋಸೆ ಹುಯ್ಯುತ್ತಿರುವವರು, ಹೂ ಮೊಳ ಹಾಕುತ್ತಿರುವವರು ಪ್ರತಿ ಸಲ ಕೈ ಒರೆಸಿಕೊಂಡು ಫೋನ್ ನೋಡಲು ಆಗುತ್ತದೆಯೇ? ಗಿರಾಕಿ ಫೋನಿನ ಪರದೆ ತೋರಿಸಿ ‘ಆಯ್ತಣ್ಣ’ ಎಂದು ನಡೆದುಬಿಡುತ್ತಾನೆ. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಮೋಸ ಮಾಡುವವರೂ ಇದ್ದರು. ಇಂಗ್ಲಿಷ್ ಮೆಸೇಜು ಓದಲು ಬಾರದವರ ಪಾಡು ಇನ್ನೂ ಕಷ್ಟ. ಇದಕ್ಕೆ ಪರಿಹಾರವಾಗಿ ಬಂದ ಸೌಂಡ್‌ಬಾಕ್ಸ್ ಬಗ್ಗೆ ನನಗೆ ವಿಶೇಷ ಮೆಚ್ಚುಗೆ. ಒಳಗೊಂದು ಸಿಮ್, ಒಂದು ಬ್ಯಾಟರಿ, ಒಂದು ಸ್ಪೀಕರು, ಅಷ್ಟೆ. ಹಣ ಖಾತೆ ಸೇರಿದೊಡನೆ ಕನ್ನಡದಲ್ಲಿ ಮೊತ್ತ ಕೂಗುತ್ತದೆ. ಫೋನ್‌ಪೇ ಡಬ್ಬಿಗೆ ಕಿಚ್ಚ ಸುದೀಪ್ ದನಿಯೂ ಬಂದಿದೆ. ತಂತ್ರಜ್ಞಾನ ಎಂದರೆ ಓದು ಬಲ್ಲವರ ಸೊತ್ತು ಎಂದುಕೊಂಡಿದ್ದ ಕಾಲದಲ್ಲಿ, ಅಕ್ಷರ ಬಾರದವರ ಕಿವಿಯನ್ನು ನಂಬಿ ಮಾಡಿದ ಸಾಧನ ಅದು. ಅಂಗಡಿಯವರ ಕೈ ಎಲ್ಲಿರುತ್ತದೆ, ಕಣ್ಣು ಎಲ್ಲಿರುತ್ತದೆ ಎಂದು ಗಮನಿಸಿದವರಿಗೆ ಮಾತ್ರ ಹೊಳೆಯುವ ಉಪಾಯ.

ಚಿಲ್ಲರೆಯ ಕಾಟವೂ ತಗ್ಗಿತು. ಕಂಡಕ್ಟರು ಟಿಕೆಟಿನ ಹಿಂದೆ ಬರೆದುಕೊಟ್ಟ ಬಾಕಿಯನ್ನು ಇಳಿಯುವ ಗಡಿಬಿಡಿಯಲ್ಲಿ ಕೇಳಲು ಮರೆತು ನೊಂದವರು ನಮ್ಮಲ್ಲಿ ಎಷ್ಟಿಲ್ಲ! ಈಗ ಬಿಎಂಟಿಸಿ ಬಸ್ಸಿನಲ್ಲೂ ಸ್ಕ್ಯಾನ್ ಮಾಡಿ ಟಿಕೆಟು ತೆಗೆದುಕೊಳ್ಳಬಹುದು.

ಆದರೆ ದಾಖಲೆಯ ನಿಜವಾದ ಬೆಲೆ ತಿಳಿಯಬೇಕಾದರೆ ಸಾಲದ ಕಡೆ ನೋಡಬೇಕು. ಮಾರುಕಟ್ಟೆಯಲ್ಲಿ ಹೂವು ತರಕಾರಿ ಮಾರುವವರಿಗೆ ಬಂಡವಾಳ ಸಿಗುತ್ತಿದ್ದುದು ಬೆಳಗ್ಗೆ 900 ಕೊಟ್ಟು ಸಂಜೆ 1,000 ಕೇಳುವವರಿಂದ. ಬ್ಯಾಂಕಿಗೆ ಹೋದರೆ ಆದಾಯದ ಪುರಾವೆ ತೋರಿಸಿ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಒಂದೇ ಮೂಲೆಯಲ್ಲಿ ಕೂತು ಮಾರಿದ ಹೆಂಗಸಿನ ಬಳಿ ತೋರಿಸಲು ಒಂದು ಚೀಟಿಯೂ ಇರುತ್ತಿರಲಿಲ್ಲ. ಇದನ್ನು ಕಂಡೇ 2018ರಲ್ಲಿ ಕರ್ನಾಟಕ ಸರ್ಕಾರ ‘ಬಡವರ ಬಂಧು’ ತಂದು, ಸಹಕಾರಿ ಬ್ಯಾಂಕುಗಳ ಮೂಲಕ ಬಡ್ಡಿಯಿಲ್ಲದೆ 10,000 ರೂಪಾಯಿವರೆಗೆ ಕೈಸಾಲ ಕೊಡಲು ಹೊರಟಿತು. 2020ರಲ್ಲಿ ಕೇಂದ್ರದ ಪಿಎಂ ಸ್ವನಿಧಿ ಬಂತು. ಅದರಲ್ಲಿ ಫೋನಿನಲ್ಲಿ ಹಣ ಪಡೆದವರಿಗೆ ಕ್ಯಾಶ್‌ಬ್ಯಾಕ್ ಇತ್ತು, ಮೊದಲ ಸಾಲ ತೀರಿಸಿದವರಿಗೆ ಹೆಚ್ಚಿನ ಸಾಲವಿತ್ತು. ದಿನವೂ ಹತ್ತು, ಇಪ್ಪತ್ತು, ಐವತ್ತು ಎಂದು ಬೀಳುವ ಮೊತ್ತಗಳು ಸೇರಿ ಆ ಹೆಂಗಸಿನ ದುಡಿಮೆಗೆ ಸಾಕ್ಷಿಯಾದವು. ಮೀಟರ್ ಬಡ್ಡಿಯಿಂದ ಬಿಡಿಸಿಕೊಳ್ಳುವ ದಾರಿ ಅದು. ಇದನ್ನು ಸಣ್ಣದೆಂದು ತಳ್ಳಿಹಾಕುವವರೊಂದಿಗೆ ನನಗೆ ತಕರಾರಿದೆ.

ಅದೇ ಸಾಕ್ಷಿ ಆಕೆಯ ಮೇಲೆ ತಿರುಗಿಬೀಳುವುದೂ ಉಂಟು. ಅದು ಹೇಗೆಂದು ತಿಳಿಯಲು ಕಂಪನಿಗಳ ಗಳಿಕೆಯನ್ನು ನೋಡಬೇಕು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ಸಣ್ಣ ಮೊತ್ತದ ಪಾವತಿಗಳಿಗೆಂದು ಸರ್ಕಾರ 2024–25ಕ್ಕೆ ಸುಮಾರು 1,500 ಕೋಟಿ ರೂಪಾಯಿ ಪ್ರೋತ್ಸಾಹಧನ ಇಟ್ಟಿತು. ಇಷ್ಟು ಅಗಾಧ ವ್ಯವಸ್ಥೆ ನಡೆಸುವ ಖರ್ಚಿಗೆ ಅದು ಸಾಲದು ಎಂಬುದು ಕಂಪನಿಗಳ ದೂರು. ಹಾಗಾದರೆ ಅವು ದುಡಿಯುವುದು ಎಲ್ಲಿಂದ? ಡಬ್ಬಿಯ ಬಾಡಿಗೆಯಿಂದ, ಜಾಹೀರಾತಿನಿಂದ, ಮತ್ತು ಸಾಲ ಮಾರುವುದರಿಂದಲೂ. ದಿನಕ್ಕೆ ಎಷ್ಟು ಬರುತ್ತದೆ, ಯಾವ ವಾರ ಇಳಿಯುತ್ತದೆ, ಹಬ್ಬಕ್ಕೆ ಎಷ್ಟು ಏರುತ್ತದೆ ಎಂದು ಬಲ್ಲ ಕಂಪನಿ ‘ನಿಮಗೆ ಸಾಲ ಮಂಜೂರಾಗಿದೆ’ ಎಂಬ ಮೆಸೇಜು ಕಳಿಸುತ್ತದೆ, ಕಂತನ್ನು ಆ ದಿನದ ಗಳಿಕೆಯಿಂದಲೇ ಮುರಿದುಕೊಳ್ಳುತ್ತದೆ. ಶುಲ್ಕ ಇಲ್ಲದ ಸೇವೆಗೆ ವ್ಯಾಪಾರಿ ತೆರುತ್ತಿರುವುದು ತನ್ನ ಲೆಕ್ಕವನ್ನು. ಅದೂ ಬಹುಪಾಲು ಎರಡೇ ಕಂಪನಿಗಳಿಗೆ: ಫೋನ್‌ಪೇ, ಗೂಗಲ್ ಪೇ ಸೇರಿ ವಹಿವಾಟಿನ ಸುಮಾರು ಶೇ 80. ಒಂದು ಕಂಪನಿಗೆ ಶೇ 30ರ ಮಿತಿ ಹಾಕುತ್ತೇವೆಂದು ಎನ್‌ಪಿಸಿಐ 2020ರಲ್ಲೇ ಹೇಳಿತ್ತು. ಗಡುವನ್ನು ಮುಂದೂಡುತ್ತಾ ಬಂದು 2026ರ ಡಿಸೆಂಬರಿಗೆ ತಂದು ನಿಲ್ಲಿಸಿದೆ.

ಇನ್ನೊಂದು ಪೆಟ್ಟು ಗೊತ್ತಿಲ್ಲದ ದಿಕ್ಕಿನಿಂದ ಬರುತ್ತದೆ. ಎಲ್ಲೋ ದೋಚಿದ ಹಣ ಕೈ ಬದಲಾಗುತ್ತಾ ಬಂದು, ಆ ಕಳ್ಳ ಇಲ್ಲಿ ಒಂದು ಬಿರಿಯಾನಿ ತಿಂದು 150 ರೂಪಾಯಿ ಸ್ಕ್ಯಾನ್ ಮಾಡಿದ ಎಂದುಕೊಳ್ಳಿ. ಹಣದ ಜಾಡು ಹಿಡಿದ ಬೇರೆ ರಾಜ್ಯದ ಪೊಲೀಸರು ಪತ್ರ ಬರೆದರೆ ಹೋಟೆಲಿನವರ ಖಾತೆಯೇ ಸ್ತಂಭಿಸಬಹುದು. ಮಾರನೆಯ ದಿನದ ಕೋಳಿಗೆ, ಅಕ್ಕಿಗೆ ದುಡ್ಡಿಲ್ಲ. ಖಾತೆ ಬಿಡಿಸಿಕೊಳ್ಳಲು ಯಾವ ಠಾಣೆಗೆ ಬರೆಯಬೇಕೆಂದೂ ತಿಳಿಯದೆ ಬ್ಯಾಂಕಿಗೆ ಅಲೆಯಬೇಕು. ನಗದಿನ ನೋಟು ಯಾರ ಕೈಯಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ.

ಮನೆಯೊಳಗೂ ಒಂದು ಬದಲಾವಣೆ ನಡೆದಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಹೂವಿನ ಅಂಗಡಿಯ ಎಷ್ಟೋ ತಾಯಂದಿರ ಸ್ಕ್ಯಾನರ್ ಇರುವುದು ಮಗನ ನಂಬರಿನಲ್ಲಿ, ಇಲ್ಲವೇ ಗಂಡನ ಖಾತೆಯಲ್ಲಿ. ಸ್ಮಾರ್ಟ್‌ಫೋನ್ ಇರುವುದು ಆ ಗಂಡಸರ ಬಳಿಯೇ. ಮುಂಚೆ ದಿನದ ಗಳಿಕೆ ಸೆರಗಿನ ಗಂಟಿನಲ್ಲಿತ್ತು, ಅದರಲ್ಲಿ ಹತ್ತಿಪ್ಪತ್ತು ತೆಗೆದು ಚೀಟಿಗೋ ಸಂಘಕ್ಕೋ ಕಟ್ಟುವ ಸ್ವಾತಂತ್ರ್ಯ ಆಕೆಗಿತ್ತು. ಈಗ ಡಬ್ಬಿ ಮೊತ್ತ ಕೂಗುವುದನ್ನು ಕೇಳುತ್ತಾಳೆ, ಹಣ ಮಗನನ್ನು ಕೇಳಿ ಪಡೆಯಬೇಕು. ದುಡಿದವಳು ಆಕೆ, ದಾಖಲೆಯಲ್ಲಿರುವ ಹೆಸರು ಮಗನದು. ನಾಳೆ ಸಾಲದ ಅರ್ಹತೆಯೂ ಅವನದೇ. ಸ್ಕ್ಯಾನರ್ ಅಂಟಿಸಲು ಬರುವ ಹುಡುಗರು ‘ಅಮ್ಮ, ನಿಮ್ಮ ಹೆಸರಿನಲ್ಲೇ ಖಾತೆ ಇದೆಯಾ?’ ಎಂದು ಒಂದು ಮಾತು ಕೇಳುವಂತಾದರೂ ಎಷ್ಟೋ ಮನೆಗಳಲ್ಲಿ ಇದು ಸರಿಹೋಗುತ್ತದೆ.

ದಾಖಲೆಯ ಮೇಲೆ ಯಾರ ಹಕ್ಕು ಎಂಬ ಪ್ರಶ್ನೆ ಹೊಸದಲ್ಲ. ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯ ಹೇಳಿದ್ದ ಹಿರಿಯರು ಅವರು. ಅವರ ಹೆಸರಿನ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆಧಾರ್ ಕಟ್ಟಿದ ನಿಲೇಕಣಿಯವರ ಊರೂ ಇದೇ, ಅದನ್ನು ಪ್ರಶ್ನಿಸಿದವರ ಊರೂ ಇದೇ. ಕಟ್ಟುವುದೂ ಪ್ರಶ್ನಿಸುವುದೂ ಎರಡೂ ನಮ್ಮ ನಾಡಿನ ಕೊಡುಗೆ ಎಂಬುದು ನನಗೆ ಹೆಮ್ಮೆಯ ವಿಷಯ. ಆ ತೀರ್ಪಿನ ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದಕ್ಕೂ ಮೊದಲೇ, 2021ರ ಸೆಪ್ಟೆಂಬರ್‌ನಲ್ಲಿ, ‘ಅಕೌಂಟ್ ಅಗ್ರಿಗೇಟರ್’ ವ್ಯವಸ್ಥೆ ಶುರುವಾಗಿತ್ತು. ನಿಮ್ಮ ಬ್ಯಾಂಕ್ ಲೆಕ್ಕವನ್ನು ಯಾರಿಗೆ, ಎಷ್ಟು ದಿನಕ್ಕೆ, ಯಾವ ಕೆಲಸಕ್ಕೆ ತೋರಿಸಬೇಕೆಂದು ನೀವೇ ಒಪ್ಪಿಗೆ ಕೊಡುವ ಏರ್ಪಾಡು ಅದು. ಒಳ್ಳೆಯ ಯೋಚನೆ. ಆದರೆ ಅವಸರದಲ್ಲಿ ಸಾಲ ಬೇಕಾದವರು ಪರದೆಯ ಮೇಲೆ ಬಂದ ಪ್ರತಿ ಒಪ್ಪಿಗೆಗೂ ಬೆರಳು ಒತ್ತಿಬಿಡುತ್ತಾರೆ.

ಹಳೆಯ ಕಿರಾಣಿ ಅಂಗಡಿಯ ಉದ್ರಿ ವ್ಯವಹಾರದಲ್ಲಿ ಪುಸ್ತಕ ಎರಡಿರುತ್ತಿತ್ತು. ಅಂಗಡಿಯವರ ಬಳಿ ಒಂದು, ಗಿರಾಕಿಯ ಮನೆಯಲ್ಲಿ ಒಂದು. ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಯುಪಿಐ ವ್ಯಾಪಾರಿಗೆ ಬೇಕಾಗಿರುವುದು ಅಂಥ ಎರಡನೆಯ ಪುಸ್ತಕ. ಅದನ್ನು ಮಾಡುವುದು ಕಷ್ಟವೂ ಅಲ್ಲ. ಏಪ್ರಿಲ್‌ನಿಂದ ಈವರೆಗೆ ಒಟ್ಟು ಇಷ್ಟು ಬಂತು, ಇದರಲ್ಲಿ ವ್ಯಾಪಾರದ್ದು ಇಷ್ಟು, ಅಣ್ಣ ತಂಗಿಯರು ಕಳಿಸಿದ್ದು, ಕೈಸಾಲ ವಾಪಸು ಬಂದದ್ದು ಇಷ್ಟು ಎಂದು ಕನ್ನಡದಲ್ಲಿ ತೋರಿಸುವ ಪುಟ ಪ್ರತಿ ವ್ಯಾಪಾರಿ ಆ್ಯಪಿನಲ್ಲೂ ಇರಲೇಬೇಕೆಂದು ನಿಯಮ ಮಾಡಬಹುದು. ಜುಲೈನ ನೋಟಿಸುಗಳ ಬಗ್ಗೆ ವ್ಯಾಪಾರಿಗಳು ಎತ್ತಿದ ಮುಖ್ಯ ಆಕ್ಷೇಪವೇ ಇದಾಗಿತ್ತು: ಖಾತೆಗೆ ಬಿದ್ದ ಎಲ್ಲ ಹಣವನ್ನೂ ವ್ಯಾಪಾರವೆಂದೇ ಎಣಿಸಿದ್ದಾರೆ.

ತೆರಿಗೆ ಇಲಾಖೆಯ ಹೊಣೆ ಇನ್ನೂ ದೊಡ್ಡದು. ಯಾರ ವಹಿವಾಟು 30 ಲಕ್ಷ ದಾಟಿ 40ರತ್ತ ಹೋಗುತ್ತಿದೆ ಎಂದು ವರ್ಷದ ನಡುವೆಯೇ ತಿಳಿಯುವುದು ಅದಕ್ಕೀಗ ಸಾಧ್ಯ. 1.5 ಕೋಟಿ ರೂಪಾಯಿವರೆಗೆ ವಹಿವಾಟಿರುವ, ಸರಕು ಮಾರುವ ಸಣ್ಣ ವ್ಯಾಪಾರಿ ನೋಂದಣಿ ಮಾಡಿಸಿ ರಾಜಿ ತೆರಿಗೆ ಪದ್ಧತಿ ಆರಿಸಿಕೊಂಡರೆ ಕಟ್ಟಬೇಕಾದದ್ದು ಶೇ 1 ಮಾತ್ರ. 50 ಲಕ್ಷಕ್ಕೆ 50 ಸಾವಿರ ರೂಪಾಯಿ. ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ ಪೂರ್ತಿ ದರ, ಮೇಲೆ ಬಡ್ಡಿ, ದಂಡ. ಈ ವ್ಯತ್ಯಾಸವನ್ನು ವಿವರಿಸಿ, ಯಾವ ಕಚೇರಿಗೆ ಯಾವ ಕಾಗದ ಹಿಡಿದು ಬರಬೇಕೆಂದು ತಿಳಿಸುವ ನಾಲ್ಕು ಸಾಲಿನ ಕನ್ನಡ ಮೆಸೇಜನ್ನು ಮಿತಿ ದಾಟುವ ಮುಂಚೆಯೇ ಆ ಅಂಗಡಿಯವರ ಫೋನಿಗೆ ಕಳಿಸಲಿ. ನಾಲ್ಕು ವರ್ಷದ ಲೆಕ್ಕ ಒಟ್ಟು ಹಾಕಲು ಬಳಸಿದ ಕಂಪ್ಯೂಟರುಗಳಿಂದಲೇ ಅದು ಆಗುತ್ತದೆ.