ಅಭಿಮಾನಿಗಳ ಕೂಗು ಪಂದ್ಯ ಗೆಲ್ಲಿಸುತ್ತಾ? ಡ್ಯೂಕ್ ಅಂಗಳದ ಉತ್ತರ

ಅಮೆರಿಕದ ನಾರ್ತ್ ಕೆರೋಲಿನಾ ರಾಜ್ಯದ ಡರ್ಹಮ್‌ನಲ್ಲಿ ಖಾಸಗಿ ಡ್ಯೂಕ್ ವಿಶ್ವವಿದ್ಯಾಲಯವಿದೆ. ಅಲ್ಲಿಂದ ಸುಮಾರು 15 ಕಿ.ಮೀ. ದೂರದ ಚಾಪೆಲ್ ಹಿಲ್‌ನಲ್ಲಿ ಸರ್ಕಾರಿ ನಾರ್ತ್ ಕೆರೋಲಿನಾ ವಿಶ್ವವಿದ್ಯಾಲಯ. ಇವೆರಡರ ಬ್ಯಾಸ್ಕೆಟ್‌ಬಾಲ್ ಹಣಾಹಣಿ ಕಾಲೇಜು ಕ್ರೀಡೆಯಲ್ಲೇ ಅತ್ಯಂತ ಹೆಸರಾದವುಗಳಲ್ಲಿ ಒಂದು.

ಈ ಪಂದ್ಯದ ಟಿಕೆಟ್‌ಗಾಗಿ ಡ್ಯೂಕ್ ವಿದ್ಯಾರ್ಥಿಗಳು ಚಳಿಗಾಲದಲ್ಲಿ ವಾರಗಟ್ಟಲೆ ಟೆಂಟ್ ಹಾಕಿ ಮಲಗುತ್ತಾರೆ. ಒಂದು ಟೆಂಟಿಗೆ 12 ಜನ, ಪಾಳಿ ಪ್ರಕಾರ ಕಾವಲು. ತಪಾಸಣೆಗೆ ಬಂದಾಗ ಇರಬೇಕಾದಷ್ಟು ಜನ ಇಲ್ಲದಿದ್ದರೆ ಸರದಿ ಕೈತಪ್ಪುವ ಅಪಾಯ. 1986ರಲ್ಲಿ ಶುರುವಾದ ಈ ಬಿಡಾರಕ್ಕೆ ಕೋಚ್ ಮೈಕ್ ಶಶೆವ್‌ಸ್ಕಿಯ ಹೆಸರೇ ಇದೆ.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಇದೆಯಾ? ಎಂಜಿನಿಯರಿಂಗ್ ಓದಿದವನಾದ್ದರಿಂದ ನನಗೆ ಮೊದಲು ಕಾಣೋದು ಕಟ್ಟಡ. ಡ್ಯೂಕ್‌ನ ಕ್ಯಾಮರೂನ್ ಒಳಾಂಗಣದಲ್ಲಿ 9,314 ಆಸನ. ವಿದ್ಯಾರ್ಥಿಗಳು ಅಂಕಣದ ಅಂಚಿಗೇ ಅಂಟಿಕೊಂಡು ನಿಲ್ಲುತ್ತಾರೆ. ಚಾಪೆಲ್ ಹಿಲ್‌ನ ಅಂಗಣ ಅದರ ಎರಡು ಪಟ್ಟಿಗಿಂತ ದೊಡ್ಡದು. ಆದರೂ ಹೆಚ್ಚು ಹೆದರಿಸೋದು ಚಿಕ್ಕದೇ. ಸದ್ದಿಗೆ ತಲೆ ಎಣಿಕೆಗಿಂತ ದೂರ ಮುಖ್ಯ ನೋಡಿ.

ಸದ್ದು ಆಟಗಾರರನ್ನಷ್ಟೇ ಅಲ್ಲ, ತೀರ್ಪುಗಾರರನ್ನೂ ತಟ್ಟುತ್ತದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ಫುಟ್‌ಬಾಲ್ ರೆಫರಿಗಳಿಗೆ ಒಂದೇ ವಿಡಿಯೊ ತೋರಿಸಿದರು, ಕೆಲವರಿಗೆ ಪ್ರೇಕ್ಷಕರ ಗದ್ದಲದ ಸಮೇತ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿಸಿಕೊಂಡವರು ತವರು ತಂಡಕ್ಕೆ ಸುಮಾರು 15% ಕಡಿಮೆ ಫೌಲ್ ಕೊಟ್ಟರು.

ಹಾಗಂತ ಕೂಗೇ ಗೆಲ್ಲಿಸುತ್ತೆ ಅನ್ನೋಣವೇ? ಕೋವಿಡ್ ಕಾಲದ 2021ರ ಫೆಬ್ರವರಿಯಲ್ಲಿ, ಎಂದಿನ ಜನಸಾಗರವಿಲ್ಲದ ಕ್ಯಾಮರೂನ್‌ನಲ್ಲಿ ಡ್ಯೂಕ್ 87–91ರಿಂದ ಸೋತಿತು. ಜನ ಇಲ್ಲದ್ದೇ ಕಾರಣ ಅಂತ ಹೇಳಿಬಿಡಬಹುದಿತ್ತು. ಆದರೆ 2022ರ ಮಾರ್ಚ್ 5, ಶಶೆವ್‌ಸ್ಕಿಯ ತವರಿನ ಕೊನೆಯ ಪಂದ್ಯ. ಕ್ಯಾಮರೂನ್ ಕಿಕ್ಕಿರಿದಿತ್ತು. ಅವತ್ತೂ ಡ್ಯೂಕ್ 81–94ರಿಂದ ಸೋತಿತು.

ಎರಡು ಪಂದ್ಯಗಳಿಂದ ಸಿದ್ಧಾಂತ ಕಟ್ಟಲಾಗದು, ನಿಜ. ನನ್ನ ವಾದ ಇಷ್ಟೇ: ಅಭಿಮಾನ ಫಲಿತಾಂಶವನ್ನು ಅಲ್ಪಸ್ವಲ್ಪ ಅಲ್ಲಾಡಿಸಬಹುದು, ಸೋಲಿನ ಬೆಲೆಯನ್ನು ಮಾತ್ರ ಹಲವು ಪಟ್ಟು ಏರಿಸುತ್ತದೆ. ಆ ಬೆಲೆ ತೆರುವವರು ಇಪ್ಪತ್ತರ ಆಸುಪಾಸಿನ ಹುಡುಗರು.

ಈಗ ಅದಕ್ಕೆ ಬೆಟ್ಟಿಂಗ್ ಸೇರಿಕೊಂಡಿದೆ. ನಾರ್ತ್ ಕೆರೋಲಿನಾದಲ್ಲಿ ಮೊಬೈಲ್ ಬೆಟ್ಟಿಂಗ್ ಕಾನೂನುಬದ್ಧವಾಗಿ ಶುರುವಾಗಿದ್ದು 2024ರ ಮಾರ್ಚ್ 11ರಂದು. ಅದೇ ತಿಂಗಳು ನಾರ್ತ್ ಕೆರೋಲಿನಾ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಮಿಷಿಗನ್ ಸ್ಟೇಟ್ ತಂಡವನ್ನು ಸೋಲಿಸಿತು. ಆದರೂ ಆಟಗಾರ ಅರ್ಮಾಂಡೊ ಬೇಕಾಟ್‌ಗೆ ಬೈಗುಳದ ಸಂದೇಶಗಳು ಬಂದವು. ಅವರೇ ಹೇಳಿದಂತೆ ನೂರಕ್ಕೂ ಹೆಚ್ಚು. ಕಾರಣ, ರಿಬೌಂಡ್ ಸಾಲದೇ ಹೋದದ್ದು. ತಂಡ ಗೆದ್ದರೂ ಬಾಜಿ ಸೋತಿತ್ತಲ್ಲ! ಕಾಲೇಜು ಆಟಗಾರರ ವೈಯಕ್ತಿಕ ಅಂಕಿಅಂಶಗಳ ಮೇಲೆ ಬಾಜಿ ಕಟ್ಟುವುದನ್ನೇ ನಿಷೇಧಿಸಿ ಅಂತ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಅಧ್ಯಕ್ಷರು ಆ ವಸಂತದಲ್ಲೇ ರಾಜ್ಯಗಳನ್ನು ಕೇಳಿಕೊಂಡರು.

ಟೆಂಟಿನ ಹುಡುಗನಿಗೂ ಬಾಜಿದಾರನಿಗೂ ವ್ಯತ್ಯಾಸ ಇಲ್ಲೇ ಇರೋದು. ಟೆಂಟಿನವನು ಎದುರಾಳಿಯನ್ನು ಎಷ್ಟೇ ಗೇಲಿ ಮಾಡಲಿ, ಪಂದ್ಯ ಮುಗಿದ ಮೇಲೆ ಗಂಟಲು ಕಟ್ಟಿಸಿಕೊಂಡು ತನ್ನವರ ಜೊತೆ ಸೋಲನ್ನೂ ಹಂಚಿಕೊಳ್ಳುತ್ತಾನೆ. ಬಾಜಿದಾರನಿಗೆ ತನ್ನವರು ಅಂತ ಯಾರೂ ಇಲ್ಲ. ಕಾಲೇಜುಗಳ ಹಣಾಹಣಿ ಉಳಿಯಬೇಕಾದರೆ ಮೊದಲನೆಯವನ ಕೂಗು ಬೇಕು. ಎರಡನೆಯವನು ಆಟಗಾರನ ಫೋನಿಗೆ ನುಗ್ಗದಂತೆ ತಡೆಯೋದು ಈಗಿನ ತುರ್ತು.