ಪಾಯಿನ್ಸೆಟಿಯಾ ಸವರುವುದು ಯಾವಾಗ, ಹೇಗೆ?

ಡಿಸೆಂಬರ್ ಬಂತೆಂದರೆ ಬೆಂಗಳೂರು, ಮಡಿಕೇರಿಗಳಂಥ ತಂಪು ಊರುಗಳ ಅಂಗಳದಲ್ಲಿ ಕೆಂಪು ಚೆಲ್ಲುವ ಪೊದೆ ಪಾಯಿನ್ಸೆಟಿಯಾ. ಆದರೆ ವರ್ಷವಿಡೀ ಸೊಂಪಾಗಿ ಬೆಳೆದ ಗಿಡವೂ ಕೆಲವೊಮ್ಮೆ ಚಳಿಗಾಲದಲ್ಲಿ ಬರಿಯ ಹಸಿರಾಗಿಯೇ ಉಳಿದುಬಿಡುತ್ತದೆ. ಗೊಬ್ಬರ, ನೀರು ಸರಿಯಾಗಿದ್ದೂ ಹೀಗಾದರೆ ಕತ್ತರಿಯಾಡಿಸಿದ ಕಾಲವನ್ನು ಪರಿಶೀಲಿಸಬೇಕು.

ಮೆಕ್ಸಿಕೊ ಮೂಲದ ಈ ಗಿಡ ಕಳ್ಳಿಯ ಬಳಗಕ್ಕೆ ಸೇರಿದ್ದು. 1825ರಿಂದ 1829ರವರೆಗೆ ಅಲ್ಲಿ ಅಮೆರಿಕದ ರಾಜತಾಂತ್ರಿಕ ಪ್ರತಿನಿಧಿಯಾಗಿದ್ದ ಜೋಯೆಲ್ ರಾಬರ್ಟ್ಸ್ ಪಾಯಿನ್ಸೆಟ್ ಅವರಿಂದ ಇದಕ್ಕೆ ಈ ಹೆಸರು ಬಂದಿದೆ. ದಳಗಳೆಂದು ತೋರುವ ಕೆಂಪು ಭಾಗಗಳು ವಾಸ್ತವವಾಗಿ ಎಲೆಗಳು. ನಿಜವಾದ ಹೂಗಳು ನಡುವಿನ ಪುಟ್ಟ ಹಳದಿ ಬಟ್ಟಲುಗಳಲ್ಲಿ ಅಡಗಿರುತ್ತವೆ.

ಕಾಲದ ಲೆಕ್ಕ

ಸೆಪ್ಟೆಂಬರ್ ಕೊನೆಯ ವೇಳೆಗೆ ಹಗಲು ಕುಗ್ಗಿ ಇರುಳು ಹಿಗ್ಗತೊಡಗಿದಾಗ ರೆಂಬೆಗಳ ತುದಿಯಲ್ಲಿ ಮೊಗ್ಗು ರೂಪುಗೊಳ್ಳುತ್ತದೆ. ಅನಂತರ ತುದಿ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ಆದ್ದರಿಂದ ಬಣ್ಣ ಮಾಸಿದ ಮೇಲೆ, ಫೆಬ್ರುವರಿ-ಮಾರ್ಚ್‌ನಲ್ಲಿ, ರೆಂಬೆಗಳನ್ನು ನೆಲದಿಂದ ಒಂದು-ಒಂದೂವರೆ ಅಡಿ ಉಳಿಸಿ ಸವರಬೇಕು. ಜೂನ್‌ನಿಂದ ಆಗಸ್ಟ್ ಅಂತ್ಯದವರೆಗೆ ಮಾಡಬೇಕಾದದ್ದು ಹಗುರವಾದ ಸವರುವಿಕೆ ಮಾತ್ರ.

ಕ್ರಮ ಹೀಗೆ

ಹೊಸ ಚಿಗುರು ಆರೇಳು ಎಲೆ ಬಿಟ್ಟಾಗ, ಕೆಳಗಿನ ನಾಲ್ಕೈದು ಎಲೆಗಳನ್ನು ಉಳಿಸಿ, ಗೆಣ್ಣಿನ ತುಸು ಮೇಲೆ ತುದಿಯನ್ನು ಕತ್ತರಿಸಬೇಕು. ತುದಿ ಹೋದೊಡನೆ ಎಲೆಬುಡದಲ್ಲಿ ಮಲಗಿದ್ದ ಮೊಗ್ಗುಗಳು ಎಚ್ಚೆತ್ತು ಕವಲೊಡೆಯುತ್ತವೆ. ಕವಲು ಹೆಚ್ಚಿದಷ್ಟೂ ಹೂಗೊಂಚಲು ಹೆಚ್ಚು. ಒಣಗಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನೂ ಆಗಲೇ ತೆಗೆಯಬಹುದು. ಕತ್ತರಿ ಹರಿತವಾಗಿರಲಿ, ಸ್ವಚ್ಛವಾಗಿರಲಿ.

ಕತ್ತರಿಸಿದೆಡೆ ಒಸರುವ ಬಿಳಿ ಹಾಲು ಕೆಲವರ ಚರ್ಮಕ್ಕೆ ತುರಿಕೆ, ಕಣ್ಣಿಗೆ ಉರಿ ತರಬಲ್ಲದು. ಕೈಗವಸು ಧರಿಸುವುದು, ಕೆಲಸ ಮುಗಿದೊಡನೆ ಸೋಪಿನಿಂದ ಕೈ ತೊಳೆಯುವುದು ಅಗತ್ಯ. ಮಾರ್ಚ್‌ನಲ್ಲಿ ಸವರಿದ ಬಲಿತ ಕಡ್ಡಿಗಳನ್ನು ಬಿಸಾಡಬೇಕಿಲ್ಲ. ಹಾಲು ಆರಿದ ಬಳಿಕ ಅರ್ಧ ಅಡಿಯ ತುಂಡುಗಳನ್ನು ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟರೆ ಬೇರು ಬಿಡುತ್ತವೆ.

ದೀಪದ ಅಡ್ಡಿ

ಸಕಾಲದಲ್ಲಿ ಸವರಿದರೂ ಬೀದಿದೀಪ ಅಥವಾ ವರಾಂಡದ ಬೆಳಕು ರಾತ್ರಿಯಿಡೀ ಬೀಳುವೆಡೆ ಗಿಡ ಕೆಂಪೇರದಿರಬಹುದು. ಕುಂಡದ ಗಿಡವಾದರೆ ಅಕ್ಟೋಬರ್ ಆರಂಭದಿಂದ ಸುಮಾರು ಎಂಟು ವಾರ, ಸಂಜೆ ಐದರಿಂದ ಬೆಳಗಿನ ಏಳರವರೆಗೆ ಬೆಳಕು ತಾಗದ ಕಡೆ ಇರಿಸಿ, ಹಗಲು ಬಿಸಿಲಿಗೆ ಒಡ್ಡಬೇಕು. ನೆಲದಲ್ಲಿ ನೆಡುವವರು ಮೊದಲೇ ದೀಪದಿಂದ ದೂರದ ಮೂಲೆಯನ್ನು ಆರಿಸಿಕೊಳ್ಳುವುದು ಲೇಸು.